ಗುಣವಾಗದ ರೋಗಕ್ಕೂ ಆರೈಕೆಯುಂಟು

‘ಇನ್ನು ಮಾಡುವಂಥದು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ.’ ಕ್ಯಾನ್ಸರ್ ರೋಗಿಯ ಬಂಧುಗಳು ಕೇಳಬೇಕಾಗಿ ಬರುವ ಮಾತುಗಳಲ್ಲಿ ಇದರಷ್ಟು ಕಠೋರವಾದುದು ಬೇರೊಂದಿಲ್ಲ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರವೇ ಸತ್ಯವಿದೆ. ರೋಗವನ್ನು ಗುಣಪಡಿಸುವ ಪ್ರಯತ್ನ ಮುಗಿದಿರಬಹುದು. ನೋವನ್ನು ತಗ್ಗಿಸುವ, ಹುಣ್ಣನ್ನು ಶುಚಿಯಾಗಿಡುವ, ನಿದ್ರೆ ಬರಿಸುವ, ಮನೆಯವರ ದಿಗಿಲನ್ನು ಕಳೆಯುವ ಕೆಲಸ ಉಳಿದೇ ಇರುತ್ತದೆ. ಈ ಕೆಲಸಕ್ಕೊಂದು ಶಾಸ್ತ್ರವುಂಟು. ಅದನ್ನು ಕಲಿತ ದಾದಿಯರುಂಟು. ಹಣ ಪಡೆಯದೆ ಅವರ ಸೇವೆಯನ್ನು ಒದಗಿಸುವ ಧರ್ಮಸಂಸ್ಥೆಗಳೂ ಉಂಟು. ಪ್ಯಾಲಿಯೇಟಿವ್ ಕೇರ್ ಎಂದು ವೈದ್ಯರು ಕರೆಯುವ ಇದಕ್ಕೆ ಕನ್ನಡದಲ್ಲಿ ಉಪಶಾಮಕ ಆರೈಕೆ ಎಂಬ ಹೆಸರು ಬಳಕೆಗೆ ಬಂದಿದೆ.

ಹಳ್ಳಿಯ ಮನೆಯಲ್ಲಿ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಕುಬಿಹಾಳದಂಥ ಊರನ್ನು ನೆನೆದುಕೊಳ್ಳೋಣ. ಎರೆಭೂಮಿಯ ಸೀಮೆ, ಮೆಣಸಿನಕಾಯಿ, ಹತ್ತಿಗಳ ಬೆಳೆ. ದೊಡ್ಡ ಆಸ್ಪತ್ರೆಯೆಂದರೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿ ವೈದ್ಯಕೀಯ ಕಾಲೇಜಿನ ಸರಕಾರಿ ಆಸ್ಪತ್ರೆಯಿದೆ, ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿ ಬೆಳೆಸಿದ ಕ್ಯಾನ್ಸರ್ ಆಸ್ಪತ್ರೆಯಿದೆ. ಅದನ್ನೂ ಮೀರಿದರೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ. ಶಸ್ತ್ರಕ್ರಿಯೆ, ವಿಕಿರಣ, ಔಷಧಗಳ ಚಿಕಿತ್ಸೆ ಅಲ್ಲೆಲ್ಲ ದೊರೆಯುತ್ತದೆ. ಎಷ್ಟೋ ಮಂದಿ ಗುಣವಾಗಿಯೂ ಮರಳುತ್ತಾರೆ.

ಗುಣವಾಗದೆ ಮರಳಿದವರ ಗತಿಯೇನು? ತಂಬಾಕು ಅಗಿದು ಬಾಯಿಯಲ್ಲಿ ಕ್ಯಾನ್ಸರ್ ಬೆಳೆದ ತಂದೆಯೊಬ್ಬನು ಪಡಸಾಲೆಯಲ್ಲಿ ಮಲಗಿದ್ದಾನೆಂದು ಭಾವಿಸಿರಿ. ಗಲ್ಲದ ಹುಣ್ಣು ನಾರುತ್ತಿದೆ, ಅನ್ನ ಗಂಟಲಲ್ಲಿ ಇಳಿಯದು, ರಾತ್ರಿಯಿಡೀ ನರಳಾಟ. ನೆರೆಯವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಆರೈಕೆಯ ಭಾರವೆಲ್ಲ ಹೆಂಡತಿಯ ಮೇಲೆ ಅಥವಾ ಸೊಸೆಯ ಮೇಲೆ. ಹುಣ್ಣನ್ನು ಹೇಗೆ ತೊಳೆಯಬೇಕು, ಮೂಗಿನ ನಳಿಗೆಯಲ್ಲಿ ಗಂಜಿಯನ್ನು ಹೇಗೆ ಇಳಿಸಬೇಕು ಎಂಬುದನ್ನು ಆಕೆಗೆ ಕಲಿಸಿದವರಿಲ್ಲ. ಪಟ್ಟಣದಲ್ಲಿ ನೌಕರಿ ಮಾಡುವ ನಮ್ಮಲ್ಲಿ ಎಷ್ಟೋ ಜನರ ತಾಯಿತಂದೆಗಳು ಇಂಥ ಊರುಗಳಲ್ಲಿಯೇ ಇದ್ದಾರೆಂಬುದನ್ನು ಮರೆಯಲಾಗದು.

ನೀರಿನ ದಂಡೆಯ ಕರುಣಾಶ್ರಯ

ಈ ಕೊರತೆಯನ್ನು ಕಂಡು ಹುಟ್ಟಿದ ಸಂಸ್ಥೆಯೊಂದು ಬೆಂಗಳೂರಿನಲ್ಲಿದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಕೂಡಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟನ್ನು ಸ್ಥಾಪಿಸಿದವು. ಇದರ ಹಿಂದಿನ ಮುಖ್ಯ ಪ್ರೇರಣೆ ಕಿಶೋರ್ ರಾವ್ ಅವರದು. ಕಟ್ಟಡ ಏಳುವುದಕ್ಕೆ ಮೊದಲೇ ದಾದಿಯರು ರೋಗಿಗಳ ಮನೆಗಳಿಗೆ ಹೋಗಿ ಶುಶ್ರೂಷೆ ಆರಂಭಿಸಿದರು. 1999ರಲ್ಲಿ ಮಾರತಹಳ್ಳಿಯ ಬಳಿ ‘ಕರುಣಾಶ್ರಯ’ ತೆರೆಯಿತು. ನಡುವೆ ನೀರಿನ ಕೊಳ. ಅದರ ಸುತ್ತ ಗಾಳಿಬೆಳಕುಗಳಿರುವ ವಾರ್ಡುಗಳು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಇಲ್ಲಿ ವಾಸ, ಊಟ, ಔಷಧ, ಶುಶ್ರೂಷೆ ಎಲ್ಲವೂ ಉಚಿತ. ಬಡವ ಬಲ್ಲಿದ ಎಂಬ ಭೇದವಿಲ್ಲ. ಜಾತಿ ಮತಗಳನ್ನು ಯಾರೂ ಕೇಳುವುದಿಲ್ಲ.

ದಾದಿಯ ವಿದ್ಯೆ

ಇಂಥ ದಾದಿಯು ಬಂದೊಡನೆ ಸೂಜಿಯನ್ನು ತೆಗೆಯುವುದಿಲ್ಲ, ಕುಳಿತು ಕೇಳುತ್ತಾಳೆ. ನೋವು ಎಲ್ಲಿದೆ, ಚುಚ್ಚುವುದೋ ಉರಿಯುವುದೋ, ಯಾವ ಹೊತ್ತಿಗೆ ಏಳುತ್ತದೆ? ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅದು ಎಷ್ಟು? ಉತ್ತರವನ್ನು ಬರೆದಿಟ್ಟುಕೊಂಡು, ಔಷಧ ಕೊಟ್ಟ ಮೇಲೆ ಮತ್ತೆ ಕೇಳುತ್ತಾಳೆ.

ಆಕೆಯ ಉಪಾಯಗಳಲ್ಲಿ ಬಹಳಷ್ಟು ಅಗ್ಗದವು. ನಾರುವ ಹುಣ್ಣನ್ನು ತೊಳೆದು ಮೆಟ್ರೊನಿಡಜೋಲ್ ಗುಳಿಗೆಯ ಪುಡಿಯನ್ನು ಉದುರಿಸಿದರೆ ದುರ್ಗಂಧ ತಗ್ಗುತ್ತದೆ. ತಗ್ಗಿದರೆ ಮೊಮ್ಮಕ್ಕಳು ಮತ್ತೆ ಅಜ್ಜನ ಬಳಿ ಕೂರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದು ಬಹುಮಟ್ಟಿಗೆ ತಪ್ಪುತ್ತದೆ. ಏದುಸಿರು ಬಂದಾಗ ಕಿಟಕಿ ತೆರೆದು ಮುಖಕ್ಕೆ ಗಾಳಿ ಬೀಸುವುದೂ ಒಂದು ಉಪಚಾರವೇ. ಇವನ್ನೆಲ್ಲ ತಾನು ಮಾಡುವುದಷ್ಟೇ ಅಲ್ಲದೆ ಮನೆಯವರ ಕೈಯಿಂದ ಮಾಡಿಸಿ ಕಲಿಸುತ್ತಾಳೆ. ಆಕೆ ಹೊರಟುಹೋದ ಮೇಲೂ ಆರೈಕೆ ನಿಲ್ಲಬಾರದಷ್ಟೆ!

ಈ ವಿದ್ಯೆಯ ಮೂಲಪುರುಷರಲ್ಲಿ ಅಗ್ರಗಣ್ಯಳು ಓರ್ವ ಸ್ತ್ರೀ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು, ಬಳಿಕ ವೈದ್ಯಶಾಸ್ತ್ರ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಮವನ್ನು ತೆರೆದರು. ನೋವು ದೇಹದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಂಬುದು ಅವರ ಬೋಧನೆ. ಅದೇ ದೇಶದಲ್ಲಿ ಡಗ್ಲಸ್ ಮ್ಯಾಕ್‌ಮಿಲನ್ ಎಂಬವರು ತಂದೆಯನ್ನು ಕ್ಯಾನ್ಸರಿಗೆ ಕಳೆದುಕೊಂಡು 1911ರಲ್ಲಿ ಆರಂಭಿಸಿದ ಸಂಸ್ಥೆ 1975ರಿಂದ ವಿಶೇಷ ತರಬೇತಿಯ ದಾದಿಯರನ್ನು ನೇಮಿಸತೊಡಗಿತು. ನಮ್ಮ ದೇಶದ ಮೊದಲನೆಯ ಹಾಸ್ಪಿಸ್ ಶಾಂತಿ ಆವೇದನಾ ಸದನ. 1986ರಲ್ಲಿ ಮುಂಬಯಿಯಲ್ಲಿ ತೆರೆಯಿತು.

ಮಾರ್ಫಿನ್ ಎಂಬ ಹೆದರಿಕೆ

ತೀವ್ರವಾದ ಕ್ಯಾನ್ಸರ್ ನೋವಿಗೆ ಮುಖ್ಯ ಮದ್ದು ಮಾರ್ಫಿನ್. ಇದು ಅಫೀಮಿನಿಂದ ಬರುವುದಾದ್ದರಿಂದ ಜನರಿಗೆ ಭಯ, ಸರಕಾರಕ್ಕೂ ಭಯ. 1985ರ ಮಾದಕದ್ರವ್ಯ ಕಾಯಿದೆಯ ತರುವಾಯ ಪರವಾನಿಗೆಗಳ ತೊಡಕಿಗೆ ಬೇಸತ್ತು ಅನೇಕ ಆಸ್ಪತ್ರೆಗಳು ಇದನ್ನು ಇಡುವುದನ್ನೇ ಬಿಟ್ಟವು. ಅಫೀಮು ಬೆಳೆಯುವ ದೇಶದಲ್ಲಿಯೇ ರೋಗಿಗಳು ನರಳುತ್ತ ಸಾಯಬೇಕಾಯಿತು. 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ ದಾರಿ ಸುಗಮವಾಯಿತು. ಆದರೂ ಎಲ್ಲ ಊರುಗಳಿಗೆ ಮದ್ದು ಇನ್ನೂ ತಲುಪಿಲ್ಲ.

ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದೇ ತೆಗೆದುಕೊಂಡರೆ ಇದು ಚಟವಾಗುವುದು ಅಪರೂಪ. ಸಾಮಾನ್ಯ ಗುಳಿಗೆಯನ್ನು ನೋವು ಏಳುವವರೆಗೆ ಕಾಯದೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆಯಾಗುವುದರಿಂದ ಅದಕ್ಕೂ ಜೊತೆಯಲ್ಲೇ ಮದ್ದು ಬೇಕು. ಇದನ್ನು ಮನೆಯವರಿಗೆ ತಿಳಿಯಹೇಳುವವಳೂ ದಾದಿಯೇ.

ಹೇಳುವುದೋ, ಬಿಡುವುದೋ?

ಔಷಧಕ್ಕಿಂತ ಕಠಿಣವಾದ ಕೆಲಸವೊಂದಿದೆ. ಮಗನು ದಾದಿಯನ್ನು ಅಂಗಳಕ್ಕೆ ಕರೆದು, ‘ಅಕ್ಕಾರ, ಅಪ್ಪಗ ಖರೇ ಹೇಳಬ್ಯಾಡ್ರಿ, ಎದಿ ಒಡಕೊಂತಾರ’ ಎನ್ನುತ್ತಾನೆ. ಒಳಗೆ ಬಂದರೆ ತಂದೆ ಮೆಲ್ಲನೆ, ‘ನನಗ ಏನಾಗೈತಿ ಅಂತ ಗೊತ್ತೈತಿ ಯವ್ವಾ. ಹುಡುಗಗ ಹೇಳಬ್ಯಾಡ, ಗಾಬರಿ ಆಕ್ಕಾನ’ ಎನ್ನುತ್ತಾನೆ. ಇಬ್ಬರಿಗೂ ಗೊತ್ತಿದೆ, ಇಬ್ಬರೂ ಒಂಟಿ. ನಮ್ಮ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ! ನುರಿತ ದಾದಿ ಸತ್ಯವನ್ನು ತಲೆಯ ಮೇಲೆ ಕಲ್ಲಿನಂತೆ ಎತ್ತಿಹಾಕುವುದಿಲ್ಲ. ರೋಗಿಗೆ ಎಷ್ಟು ತಿಳಿದಿದೆ, ಇನ್ನೆಷ್ಟು ತಿಳಿಯುವ ಇಚ್ಛೆಯಿದೆ ಎಂಬುದನ್ನು ಮೊದಲು ಅರಿಯುತ್ತಾಳೆ. ಅಪ್ಪಮಕ್ಕಳು ಎದುರುಬದುರು ಕೂತು ಮಾತಾಡಿದರೆಂದರೆ ಬಾಕಿ ಉಳಿದ ಸಾಲ, ಹೊಲದ ಹಂಚಿಕೆ, ಮಗಳ ಮದುವೆ, ಕೊನೆಗೆ ಎಲ್ಲಿ ಇರಬೇಕೆಂಬ ಆಸೆ, ಎಲ್ಲವೂ ಹೊರಬರುತ್ತವೆ.

ನೆರೆಯವರ ಕೈ

ಬೆಂಗಳೂರಿನ ಆಶ್ರಮವು ಕುಬಿಹಾಳಕ್ಕೆ ದೂರ. ನಾಲ್ಕು ನೂರು ಕಿಲೋಮೀಟರಿನ ಹಾದಿಯನ್ನು ಸಂಕಟದಲ್ಲಿರುವ ರೋಗಿ ಸವೆಸಲಾರ. ಇದಕ್ಕೆ ಕೇರಳದವರು ದಾರಿ ತೋರಿಸಿದ್ದಾರೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ತೆರೆದ ಸಣ್ಣ ಚಿಕಿತ್ಸಾಲಯದಿಂದ ಅಲ್ಲಿ ಒಂದು ಚಳವಳಿಯೇ ಬೆಳೆಯಿತು. ಊರಿನ ಶಿಕ್ಷಕರು, ಅಂಗಡಿಕಾರರು, ವಿದ್ಯಾರ್ಥಿಗಳು ತರಬೇತಿ ಪಡೆದು ದಾದಿಯ ಜೊತೆ ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿತು; ದೇಶದಲ್ಲಿ ಅದೇ ಮೊದಲನೆಯದು. ಪಂಚಾಯತಿಗಳು ಈ ಹೊಣೆಯನ್ನು ವಹಿಸಿಕೊಂಡವು.

ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಪಂಚಾಯತಿಗಳಿವೆ, ಮಠಗಳಿವೆ, ಸ್ತ್ರೀಯರ ಸಂಘಗಳಿವೆ. ತಾಲೂಕಿಗೊಬ್ಬ ತರಬೇತಿಯ ದಾದಿ, ಆಕೆಗೊಂದು ವಾಹನ, ಮಾರ್ಫಿನ್ ಇಡುವ ಒಂದು ಆಸ್ಪತ್ರೆ. ಈ ಮೂರು ದೊರೆತರೆ ಪಡಸಾಲೆಯ ನರಳಾಟ ಬಹಳಷ್ಟು ನಿಲ್ಲುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದುದೂ ಉಂಟು. ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಇವನ್ನು ಮುಚ್ಚಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ರೋಗ ನಿಶ್ಚಯವಾದ ದಿನವೇ, ಚಿಕಿತ್ಸೆ ನಡೆಯುತ್ತಿರುವಾಗಲೇ, ನೋವಿನ ಉಪಚಾರವನ್ನು ಯಾರು ನೋಡಿಕೊಳ್ಳುತ್ತಾರೆಂದು ವಿಚಾರಿಸಬೇಕು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ, ‘ರಾತ್ರಿ ನೋವು ಹೆಚ್ಚಾದರೆ ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು?’ ಎಂದು ಕೇಳಿ ಬರೆಯಿಸಿಕೊಂಡೇ ಹೊರಡಬೇಕು.