ಪುಣ್ಯಕೋಟಿಯ ಮುಂದೆ ಕೂತ ದೊಡ್ಡವರು

ಇಷ್ಟು ದಿನ ಇದನ್ನು ನೋಡದೆ ಹೇಗಿದ್ದೆವೋ! ಅಜ್ಜಿಯ ಬಾಯಲ್ಲಿ ಕೇಳಿ, ಶಾಲೆಯಲ್ಲಿ ರಾಗವಾಗಿ ಹಾಡಿ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ ಗೋವಿನ ಹಾಡು ಒಂದು ಪೂರ್ಣ ಅನಿಮೇಷನ್ ಚಿತ್ರವಾಗಿದೆ. ಅದೂ ಸಂಸ್ಕೃತದಲ್ಲಿ, ಅದೂ ಇಳಯರಾಜಾ ಸಂಗೀತದಲ್ಲಿ! ವಿ. ರವಿಶಂಕರ್ ಜನರಿಂದಲೇ ದುಡ್ಡು ಕೂಡಿಸಿ, ವರ್ಷಗಟ್ಟಲೆ ಹಟ ಹಿಡಿದು ಮಾಡಿದ ‘ಪುಣ್ಯಕೋಟಿ’ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಸಂಸ್ಕೃತದ ಮೊದಲ ಅನಿಮೇಷನ್ ಚಿತ್ರ ಇದು. 1983ರಲ್ಲಿ ಸಂಸ್ಕೃತದ ಮೊಟ್ಟಮೊದಲ ಚಿತ್ರ ‘ಆದಿ ಶಂಕರಾಚಾರ್ಯ’ ಮಾಡಿದ ಜಿ.ವಿ. ಅಯ್ಯರ್ ಕೂಡ ಕನ್ನಡಿಗರೇ. ಎರಡು ಸಲವೂ ಮೊದಲ ಹೆಜ್ಜೆ ನಮ್ಮವರದ್ದು!

ಭಾಷೆ ತಿಳಿಯುತ್ತದೋ ಇಲ್ಲವೋ ಅನ್ನುವ ಅಳುಕು ಬೇಡ. ಕಥೆ ಮೊದಲೇ ರಕ್ತದಲ್ಲಿದೆ. ರೇವತಿ, ರೋಜರ್ ನಾರಾಯಣ್ ಮುಂತಾದವರ ದನಿಯ ಏರಿಳಿತವೇ ಅರ್ಧ ಹೇಳಿಬಿಡುತ್ತದೆ.

ಸೊರಬದ ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಮಕ್ಕಳು ಮುಂದೆ, ಹಿರಿಯರು ಹಿಂದೆ. ಕರುವಿನ ಗೋಳಿಗೆ ಮಕ್ಕಳ ಕಣ್ಣು ತುಂಬಿತು; ಅದು ನಿರೀಕ್ಷಿಸಿದ್ದೇ. ಬೆರಗಾಗಿದ್ದು ಹಿಂದಿನ ಸಾಲು ನೋಡಿ. ಮರಳಿ ಬರುವೆನೆಂದು ಹಸು ಹುಲಿಗೆ ಮಾತು ಕೊಟ್ಟಾಯಿತು, ಕರುವಿಗೆ ಹಾಲು ಕುಡಿಸಿಯಾಯಿತು, ಇನ್ನು ತಡೆಯುವವರೂ ಇಲ್ಲ, ಎಳೆಯುವವರೂ ಇಲ್ಲ. ಹಾಗಿದ್ದೂ ಅದು ತಾನಾಗಿ ಹುಲಿಯ ಗವಿಯ ಕಡೆ ಹೆಜ್ಜೆ ಹಾಕುತ್ತದಲ್ಲ, ದೊಡ್ಡವರು ಕರಗಿದ್ದು ಅಲ್ಲಿ! ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮಕ್ಕಳು ಕರುವಿನ ಜಾಗದಲ್ಲಿ ನಿಂತು ಈ ಕಥೆ ನೋಡುತ್ತಾರೆ. ಕೊಟ್ಟ ಮಾತು, ಸಾಕಬೇಕಾದ ಮನೆ, ಎರಡರ ನಡುವೆ ಬದುಕು ಸವೆಸಿದವರಿಗೆ ಹಸುವಿನ ಜಾಗ ಬಿಟ್ಟು ಬೇರೆ ಜಾಗವೇ ಇಲ್ಲ. ಇನ್ನು ಹಸಿದ ಹುಲಿ? ಅದರ ಹೊಟ್ಟೆಯ ಬೆಂಕಿಯೂ ಸುಳ್ಳಲ್ಲ. ತಪ್ಪು ಯಾರದ್ದೂ ಅಲ್ಲದ ಸಂಕಟ ಅರ್ಥವಾಗುವುದಕ್ಕೆ ವಯಸ್ಸಾಗಬೇಕು.

ಅದರಲ್ಲೂ ಈ ಸೀಮೆಯಲ್ಲಿ ಹಸುವಿನ ಕಥೆ ಎದೆಗೆ ತಾಗದೆ ಇದ್ದೀತೇ! ಕಾಡಿಗೆ ಬಿಟ್ಟ ದನ ಕತ್ತಲಾದರೂ ಕೊಟ್ಟಿಗೆಗೆ ಬಾರದಿದ್ದರೆ ಮಲೆನಾಡಿನ ಮನೆಯಲ್ಲಿ ಊಟ ಸೇರುವುದಿಲ್ಲ. ದೀಪಾವಳಿಯಲ್ಲಿ ಗೋಪೂಜೆ, ಅದರ ಬೆನ್ನಿಗೇ ಸೊರಬ, ಶಿಕಾರಿಪುರದ ಹಳ್ಳಿಹಳ್ಳಿಯಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ಜೂಲ ಕಟ್ಟಿಸಿಕೊಂಡ ಹೋರಿಗೆ ಇಲ್ಲಿ ಸಿನಿಮಾ ನಟರಿಗಿರುವಷ್ಟು ಅಭಿಮಾನಿಗಳಿದ್ದಾರೆ.

ಚಿತ್ರ ನೋಡಿದ ಮೇಲೆ ವೀರಗಲ್ಲುಗಳ ಮುಂದೆ ಹೋಗಿ ನಿಲ್ಲಿ, ಮೈ ಜುಮ್ಮೆನ್ನುತ್ತದೆ! ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ನಮ್ಮ ತಾಲ್ಲೂಕುಗಳಲ್ಲಿ ಇವು ಎಷ್ಟು ಬೇಕಾದರೂ ಸಿಗುತ್ತವೆ. ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಮಾಲೆಯ 8ನೇ ಸಂಪುಟದಲ್ಲಿ ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದಾಗ ಇಂಥ ಕಲ್ಲುಗಳ ಬರಹಗಳೂ ಅದರಲ್ಲಿ ಸೇರಿದವು. ತುರುಗಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಒತ್ತೊತ್ತಾಗಿ ನಿಂತ ದನಗಳು. ಅದರ ಮೇಲೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು. ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಒಂದು ಚೌಕದಿಂದ ಇನ್ನೊಂದಕ್ಕೆ ಕಣ್ಣು ಜಾರಿದರೆ ಸತ್ತವನು ಏಳುತ್ತಾನೆ, ಕಥೆ ನಡೆಯುತ್ತದೆ! ಅನಿಮೇಷನ್ ಮಾಡುವುದೂ ಇದನ್ನೇ ಅಲ್ಲವೇ? ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1,440. ನಮ್ಮ ಶಿಲ್ಪಿಗೆ ಮೂರು ಸಾಕಾಗಿತ್ತು. ಹಸುವಿಗಾಗಿ ಪ್ರಾಣ ಕೊಟ್ಟವನ ಚಿತ್ರ ಕೆತ್ತಿದ ಇದೇ ನೆಲಕ್ಕೆ, ಮಾತಿಗಾಗಿ ಪ್ರಾಣ ಕೊಡಹೊರಟ ಹಸುವಿನ ಚಿತ್ರ ಬಂದಿದೆ!

ಈ ದೀಪಾವಳಿಗೆ ಹೋರಿ ಓಡಿಸಿ ಬಂದ ಸಂಜೆ ಊರಿನ ಶಾಲೆಯ ಗೋಡೆಗೊಂದು ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಊರಿಗೆ ಊರನ್ನೇ ಕೂರಿಸಿ ‘ಪುಣ್ಯಕೋಟಿ’ ತೋರಿಸೋಣ. ಮಕ್ಕಳು ಹೇಗೂ ಬರುತ್ತಾರೆ. ಅಜ್ಜಿಯರನ್ನು ಕೈಹಿಡಿದು ಕರೆತನ್ನಿ.