ಸಮಮಿತಿಯ ನೆರವಿನಿಂದ ಅಂತಃಖಂಡಗಳನ್ನು ಕಾಣುವುದು

ವರ್ಗ ಸಮೀಕರಣದ ನಕ್ಷೆ ಎಳೆಯುವ ವಿದ್ಯಾರ್ಥಿಗಳು ಬೆಲೆಗಳ ಪಟ್ಟಿಯನ್ನು ಸೊನ್ನೆಯಿಂದ ಆರಂಭಿಸಿ ಮೂರುನಾಲ್ಕು ಬಿಂದುಗಳಿಗೆ ನಿಲ್ಲಿಸುವುದುಂಟು. ವೈ = ಎಕ್ಸ್² − 6ಎಕ್ಸ್ + 5 ಎಂಬಲ್ಲಿ ಎಕ್ಸ್‌ನ ಬೆಲೆ 0, 1, 2, 3 ಆದಾಗ ವೈ ಕ್ರಮವಾಗಿ 5, 0, −3, −4. ಪಟ್ಟಿ ಇಲ್ಲಿಗೇ ನಿಂತರೆ ಎಕ್ಸ್ ಅಕ್ಷದ ಮೇಲೆ 1 ಎಂಬ ಒಂದೇ ಅಂತಃಖಂಡ ದೊರೆಯುತ್ತದೆ. ಇನ್ನೊಂದಕ್ಕಾಗಿ ಪಟ್ಟಿಯನ್ನು ಬೆಳೆಸಬೇಕಾಗಿಲ್ಲ. ಪರವಲಯದ ಸಮಮಿತಿಯೇ ಸಾಕು.

ಸಮಮಿತಿ ಅಕ್ಷವನ್ನು ಸೂತ್ರವಿಲ್ಲದೆಯೂ ಕಂಡುಕೊಳ್ಳಬಹುದು. ವಕ್ರರೇಖೆಯು ವೈ ಅಕ್ಷವನ್ನು 5ರಲ್ಲಿ ಛೇದಿಸುತ್ತದೆ. ಅದೇ ಎತ್ತರದ ಮತ್ತೊಂದು ಬಿಂದು ಬೇಕಾದರೆ ಎಕ್ಸ್² − 6ಎಕ್ಸ್ = 0 ಆಗಬೇಕು; ಎಂದರೆ ಎಕ್ಸ್ = 0 ಅಥವಾ 6. ಇವೆರಡರ ನಟ್ಟನಡುವೆ, 3ರಲ್ಲಿ ನಿಲ್ಲುವ ಲಂಬರೇಖೆಯೇ ಸಮಮಿತಿ ಅಕ್ಷ. ತಿಳಿದಿರುವ ಅಂತಃಖಂಡ 1 ಇದರ ಎಡಕ್ಕೆ 2 ಮಾನ ದೂರದಲ್ಲಿದೆ. ಬಲಕ್ಕೂ ಅಷ್ಟೇ ಸರಿದರೆ 5. ಪೂರ್ಣ ನಕ್ಷೆಯನ್ನು ಈ ರೇಖೆಯ ಗುಂಟ ಮಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಒಂದು ಬಿಂದು ಇನ್ನೊಂದರ ಮೇಲೆ ಕೂರುವುದು ಕಾಣುತ್ತದೆ. ಈ ಮಡಿಕೆಗೆ ವ್ಯಯವಾಗುವ ಎರಡು ನಿಮಿಷ ವ್ಯರ್ಥವಲ್ಲ.

ಒಂದು ಅಂತಃಖಂಡವೂ ತಿಳಿಯದಿದ್ದಾಗ ಶೃಂಗದಿಂದ ಹೊರಡಬೇಕು. ಇಲ್ಲಿ ಶೃಂಗದ ಎತ್ತರ −4. ಅಲ್ಲಿಂದ ಪಕ್ಕಕ್ಕೆ 1 ಮಾನ ಸರಿದರೆ ರೇಖೆ 1 ಮಾನ ಏರುತ್ತದೆ, 2 ಸರಿದರೆ 4, 3 ಸರಿದರೆ 9. ಅಕ್ಷವನ್ನು ಮುಟ್ಟಲು 4 ಏರಬೇಕು. ಆದ್ದರಿಂದ ಇತ್ತಲೂ ಅತ್ತಲೂ 2 ಸರಿಯಬೇಕು. ಸ್ಥಿರಾಂಕ 5ರ ಬದಲು 7 ಆದರೆ ಸಮಮಿತಿ ಅಕ್ಷ ಕದಲುವುದಿಲ್ಲ, ಶೃಂಗ ಮಾತ್ರ −2ಕ್ಕೆ ಏರುತ್ತದೆ. ಅಂತಃಖಂಡಗಳು 3 − √2 ಮತ್ತು 3 + √2. ಪೂರ್ಣಾಂಕಗಳ ಅಪವರ್ತನಕ್ಕೆ ಒಗ್ಗದ ಲೆಕ್ಕವೂ ಹೀಗೆ ಬಿಡಿಸಿಕೊಳ್ಳುತ್ತದೆ. ಸ್ಥಿರಾಂಕ 9 ಆದಾಗ ಶೃಂಗವೇ ಅಕ್ಷವನ್ನು ಸ್ಪರ್ಶಿಸುತ್ತದೆ; 10 ಆದಾಗ ಅಂತಃಖಂಡವೇ ಇಲ್ಲ. ಎಕ್ಸ್²ದ ಗುಣಾಂಕ 2 ಆಗಿದ್ದರೆ ಪ್ರತಿ ಏರಿಕೆಯೂ ಇಮ್ಮಡಿಯಾಗುತ್ತದೆ, ಅಷ್ಟೇ.

ವರ್ಗಸೂತ್ರದಲ್ಲಿರುವ ± ಚಿಹ್ನೆ ಈ ಎರಡು ಬದಿಯ ಸರಿತವಲ್ಲದೆ ಬೇರೇನೂ ಅಲ್ಲ. ಸೂತ್ರವನ್ನು ಕಂಠಪಾಠ ಮಾಡಿಸುವ ಅವಸರದಲ್ಲಿ ಈ ಅರ್ಥವೇ ಮೊದಲು ಕಳೆದುಹೋಗುತ್ತದೆ.

ಮಡಿಕೆಯ ರುಚಿ ಹತ್ತಿದ ಮಕ್ಕಳು ಎಲ್ಲ ವಕ್ರರೇಖೆಗಳನ್ನೂ ಮಡಿಸಲು ಹೊರಡುತ್ತಾರೆ. ವೈ = ಎಕ್ಸ್³ − 4ಎಕ್ಸ್ ಮಡಿಕೆಗೆ ಹೊಂದುವುದಿಲ್ಲ; ಮೂಲಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಹೊಂದುತ್ತದೆ, 2ರಿಂದ −2 ದೊರೆಯುತ್ತದೆ. ಅದಕ್ಕೆ 3 ಕೂಡಿಸಿದರೆ ತಿರುಗುವ ಕೇಂದ್ರವೂ 3 ಮಾನ ಮೇಲೇರುತ್ತದೆ. ಆಗ ಎಕ್ಸ್ = 1 ಅಂತಃಖಂಡವಾದರೂ ಅದರ ಜೋಡಿಯಾದ −1ರಲ್ಲಿ ರೇಖೆಯ ಎತ್ತರ 6.