ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳ್ಬೇಕು: ಆರ್‌ಪಿ ಸರ್ವರ್‌ಗೆ ವಾಯ್ಸ್ ಚಾಟ್ ಆರಿಸೋದು ಹೇಗೆ

ಕಳೆದ ಸೆಮ್ ರಜೆಯಲ್ಲಿ ನಾವು ಏಳು ಜನ ಸೇರಿ ಒಂದು ಜಿಟಿಎ ಆರ್‌ಪಿ ಸರ್ವರ್ ಶುರು ಮಾಡಿದ್ವಿ. ಊರು ಲಾಸ್ ಸ್ಯಾಂಟೋಸ್, ಮಾತೆಲ್ಲಾ ಕನ್ನಡ. ನಮ್ಮ ಇನ್‌ಸ್ಪೆಕ್ಟರ್ ಹಾಸನದವನು, ಗ್ಯಾರೇಜ್ ಮೆಕ್ಯಾನಿಕ್ ಧಾರವಾಡದವನು. ಅವನು ರಿಪೇರಿಗೆ ಬಂದವರಿಗೆಲ್ಲಾ "ಏನ್ರೀ ಸರ, ಗಾಡಿ ಹಿಂಗ್ಯಾಕ ಮಾಡೀರಿ" ಅಂದ್ರೆ ಅರ್ಧ ಸರ್ವರ್ ಗ್ಯಾರೇಜ್ ಮುಂದೆ ನಿಂತಿರ್ತಿತ್ತು. ಕಾರು, ಬಟ್ಟೆ, ಅಂಗಡಿ ಸ್ಕ್ರಿಪ್ಟ್‌ಗಳನ್ನೆಲ್ಲಾ ಕೂಡಿಸೋಕೆ ಎರಡು ದಿನ ಸಾಕಾಯ್ತು. ವಾಯ್ಸ್ ಸರಿ ಮಾಡೋಕೆ ಮೂರು ವಾರ ಬೇಕಾಯ್ತು. ಎರಡು ಸಲ ಬದಲಾಯಿಸಿದ್ವಿ. ಎರಡನೇ ಸಲ ಬದಲಾಯಿಸಿದ್ದಕ್ಕೆ ಕಾರಣ ಲ್ಯಾಗ್ ಅಲ್ಲ. ಅದನ್ನ ಮುಂದೆ ಹೇಳ್ತೀನಿ.

ಗೊತ್ತಿಲ್ಲದವರಿಗೆ: ಆರ್‌ಪಿ ಅಂದ್ರೆ ರೋಲ್‌ಪ್ಲೇ. ಜಿಟಿಎ 5ಗೆ ಫೈವ್‌ಎಂ ಅನ್ನೋ ಸಾಫ್ಟ್‌ವೇರ್ ಇದೆ, ಅದರಲ್ಲಿ ಯಾರು ಬೇಕಾದ್ರೂ ತಮ್ಮದೇ ಸರ್ವರ್ ನಡೆಸಬಹುದು. ಅದನ್ನ ಮಾಡಿದ ಸಿಎಫ್ಎಕ್ಸ್ ತಂಡ 2023ರ ಆಗಸ್ಟ್‌ನಲ್ಲಿ ರಾಕ್‌ಸ್ಟಾರ್ ಕಂಪನಿಯೊಳಗೇ ಸೇರ್ಕೊಂಡಿತು. ಆರ್‌ಪಿ ಸರ್ವರ್‌ನಲ್ಲಿ ಗುಂಡು ಹಾರಿಸೋದು ಕಡಿಮೆ, ಮಾತಾಡೋದೇ ಜಾಸ್ತಿ. ಒಂದು ಥರ ಸ್ಕ್ರಿಪ್ಟ್ ಇಲ್ಲದ ನಾಟಕ. ನಾಟಕದಲ್ಲಿ ಮೈಕ್ ಕೆಟ್ಟರೆ ಏನಾಗುತ್ತೋ ಇಲ್ಲೂ ಅದೇ ಆಗುತ್ತೆ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ: ಡಿಸ್ಕಾರ್ಡ್‌ನಲ್ಲಿ ಒಂದು ವಾಯ್ಸ್ ಚಾನೆಲ್ ತೆಗೆದು ಎಲ್ಲರನ್ನೂ ಸೇರಿಸಿದ್ದು. ಡಿಸ್ಕಾರ್ಡ್ ಒಳ್ಳೇ ಸಾಫ್ಟ್‌ವೇರ್, ಫ್ರೀ, ಎಲ್ಲರ ಫೋನಲ್ಲೂ ಇದೆ. ಆದ್ರೆ ಆಟದಲ್ಲಿ ಯಾರು ಎಲ್ಲಿದಾರೆ ಅಂತ ಅದಕ್ಕೆ ಗೊತ್ತಿಲ್ಲ. ಚಾನೆಲ್‌ನಲ್ಲಿ ಇರೋರೆಲ್ಲಾ ಒಂದೇ ರೂಮಿನಲ್ಲಿ ಕೂತ ಹಾಗೆ. ಮೊದಲನೇ ರಾತ್ರಿ ಕಳ್ಳರು ಒಡವೆ ಅಂಗಡಿ ಹಿಂದೆ ನಿಂತು ಪ್ಲ್ಯಾನ್ ಮಾಡ್ತಿದಾರೆ, ಊರ ಆ ಕಡೆ ಇನ್‌ಸ್ಪೆಕ್ಟರ್ ಅದನ್ನೆಲ್ಲಾ ಕೇಳಿಸ್ಕೊಂಡು "ನಾನೇನೂ ಕೇಳಿಸ್ಕೊಂಡಿಲ್ಲಪ್ಪ" ಅಂತ ನಟಿಸ್ತಿದಾನೆ. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಒಬ್ಬ ಸಾಯೋ ಸೀನ್, ಹಿನ್ನೆಲೆಯಲ್ಲಿ ಮೆಕ್ಯಾನಿಕ್‌ನ ಗಾಡಿ ಜೋಕು. ಆರ್‌ಪಿ ಭಾಷೆಯಲ್ಲಿ ಮೆಟಾಗೇಮಿಂಗ್ ಅಂತಾರಲ್ಲ, ಅದಕ್ಕೆ ಇದೇ ದಾರಿ: ಪಾತ್ರಕ್ಕೆ ಗೊತ್ತಿರಬಾರದ, ಆಟಗಾರನಿಗೆ ಮಾತ್ರ ಗೊತ್ತಿರೋ ವಿಷಯವನ್ನ ಆಟದೊಳಗೆ ಬಳಸೋದು. ತಪ್ಪು ಇನ್‌ಸ್ಪೆಕ್ಟರ್‌ದಲ್ಲ, ನಾವೇ ಅವನ ಕಿವಿಗೆ ಹಾಕಿದ್ವಿ.

ಹಾಗಾದ್ರೆ ಆರ್‌ಪಿಗೆ ಬೇಕಾಗಿರೋದು ಏನು? ದೂರ ಹೋದ ಹಾಗೆ ದನಿ ಕಮ್ಮಿಯಾಗ್ಬೇಕು, ಎಡಗಡೆ ನಿಂತವನು ಎಡಕಿವಿಯಲ್ಲಿ ಕೇಳ್ಬೇಕು, ಪಿಸುಮಾತು, ಮಾಮೂಲಿ ಮಾತು, ಕೂಗು ಬೇರೆ ಬೇರೆ ಇರ್ಬೇಕು. ರೇಡಿಯೋ, ಫೋನ್ ಇದ್ರೆ ದೂರದವರಿಗೂ ಕೇಳ್ಬೇಕು. ಇದನ್ನ ಪ್ರಾಕ್ಸಿಮಿಟಿ ವಾಯ್ಸ್ ಅಂತಾರೆ. ಲೆಕ್ಕ ದೊಡ್ಡದಲ್ಲ. ಪ್ರತಿ ಪಾತ್ರಕ್ಕೂ ಎಕ್ಸ್, ವೈ, ಝಡ್ ಇದೆ, ಇಬ್ಬರ ನಡುವಿನ ದೂರ ಪಿಯುಸಿಯಲ್ಲಿ ಕಲಿತ ಅದೇ ಸ್ಕ್ವೇರ್ ರೂಟ್ ಫಾರ್ಮುಲಾ. ನಿಜ ಜೀವನದಲ್ಲಿ ಬಯಲಿನಲ್ಲಿ ದೂರ ಎರಡರಷ್ಟಾದ್ರೆ ದನಿ 6 ಡೆಸಿಬೆಲ್ ಇಳಿಯುತ್ತೆ, ಆದ್ರೆ ಪೂರ್ತಿ ಸೊನ್ನೆ ಆಗೋದೇ ಇಲ್ಲ. ಆಟದಲ್ಲಿ ಒಂದು ಗೆರೆ ಎಳೆದು "ಇಲ್ಲಿಂದಾಚೆ ಕೇಳಲ್ಲ" ಅಂತ ಕಟ್ ಮಾಡ್ತಾರೆ. ನಮ್ಮ ಸರ್ವರ್‌ನಲ್ಲಿ ಪಿಸುಮಾತಿಗೆ 3 ಮೀಟರ್, ಮಾತಿಗೆ 7, ಕೂಗಿಗೆ 15.

ನಿಜವಾದ ಪ್ರಶ್ನೆ ಆ ಗೆರೆ ಎಳೆಯೋದು ಯಾರು ಅನ್ನೋದು. ಇದನ್ನ ನಾವು ತಡವಾಗಿ ಕಲಿತ್ವಿ.

ಎರಡು ದಾರಿ ಇವೆ. ಮೊದಲನೇದು ಹೊರಗಿನ ವಾಯ್ಸ್ ಸಾಫ್ಟ್‌ವೇರ್‌ಗೆ ಒಂದು ಪ್ಲಗಿನ್ ಹಾಕೋದು. ಟೀಮ್‌ಸ್ಪೀಕ್‌ಗೆ ಇಂಥ ಪ್ಲಗಿನ್‌ಗಳು ತುಂಬಾ ವರ್ಷದಿಂದ ಇವೆ, ಟೋಕೋವಾಯ್ಪ್, ಸಾಲ್ಟಿಚಾಟ್ ಹೆಸರು ಆರ್‌ಪಿ ಆಡೋರು ಕೇಳಿರ್ತೀರಿ. ಈ ಮಾದರಿಯಲ್ಲಿ ಆಟಗಾರರೆಲ್ಲಾ ಒಂದೇ ಚಾನೆಲ್‌ನಲ್ಲಿ ಇರ್ತಾರೆ. ಎಲ್ಲರ ದನಿಯೂ ಎಲ್ಲರ ಕಂಪ್ಯೂಟರ್‌ಗೂ ಬರುತ್ತೆ. ಆಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿರೋ ಪ್ಲಗಿನ್ ಆಟದಿಂದ ದೂರ ತಿಳ್ಕೊಂಡು, ಹತ್ತಿರ ಇಲ್ಲದವರನ್ನ ಮ್ಯೂಟ್ ಮಾಡುತ್ತೆ. ಅಂದ್ರೆ ಗೆರೆ ಎಳೆಯೋದು ಕೇಳುವವನ ಮಷೀನು. ದನಿಯ ಕ್ವಾಲಿಟಿ ಚೆನ್ನಾಗಿರುತ್ತೆ, ರೇಡಿಯೋ ಕರಕರ ಎಫೆಕ್ಟ್ ಸಕತ್ತಾಗಿರುತ್ತೆ. ಆದ್ರೆ ದೂರದವರ ಮಾತು ನಿಮ್ಮ ಮನೆ ಬಾಗಿಲ ತನಕ ಬಂದೇ ಬಂದಿದೆ, ಬಾಗಿಲು ಹಾಕಿದೆ ಅಷ್ಟೇ. ಪ್ಲಗಿನ್ ತೆಗೆದವರನ್ನ ಚಾನೆಲ್‌ನಿಂದ ಹೊರಗೆ ಹಾಕೋ ವ್ಯವಸ್ಥೆ ಇರುತ್ತೆ, ಆದ್ರೆ ಅದನ್ನ ಅಡ್ಮಿನ್ ಸರಿಯಾಗಿ ಆನ್ ಮಾಡಿರ್ಬೇಕು.

ನಾವು ಇಂಥದ್ದೇ ಒಂದು ಮಾದರಿ ಹಾಕಿದ್ವಿ. ಆ ಚೆಕ್ ಆನ್ ಮಾಡಿರ್ಲಿಲ್ಲ. ಅಡ್ಮಿನ್ ನಾನೇ.

ಸರ್ವರ್‌ನಲ್ಲಿ ಜೂನಿಯರ್ ಒಬ್ಬಳು ಟೀ ಅಂಗಡಿ ನಡೆಸ್ತಿದ್ಲು. ಒಂದು ರಾತ್ರಿ ಸೀನ್ ಎಲ್ಲಾ ಮುಗಿದ ಮೇಲೆ ಅವಳು ಮತ್ತೆ ಅವಳ ಫ್ರೆಂಡ್ ಬೀಚ್ ಹತ್ರ ಕಾರು ನಿಲ್ಲಿಸ್ಕೊಂಡು ಮಾತಾಡ್ತಿದ್ರು. ಪಾತ್ರದ ಮಾತಲ್ಲ, ನಿಜವಾದ ಮನೆ ವಿಷಯ. ಸುತ್ತ ಯಾರೂ ಇಲ್ಲ ಅಂತ ಮ್ಯಾಪ್ ನೋಡಿಯೇ ಮಾತಾಡಿದ್ರು. ಆದ್ರೆ ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಪ್ಲಗಿನ್ ಆಫ್ ಮಾಡಿ ಕೂತಿದ್ದ. ಎರಡು ದಿನಕ್ಕೆ ಆ ಮಾತು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂತು, ಜೊತೆಗೆ ನಗೋ ಎಮೋಜಿ. ಮಾತು ಏನು ಅಂತ ಇಲ್ಲಿ ಬರೆಯಲ್ಲ. ಕೇಳಿಸ್ಕೊಂಡವನನ್ನ ಬ್ಯಾನ್ ಮಾಡಿದ್ವಿ, ಅವಳ ಹತ್ರ ಹೋಗಿ ಸಾರಿ ಕೇಳಿದೆ. ಅವಳು "ಪರ್ವಾಗಿಲ್ಲ ಅಣ್ಣ" ಅಂದ್ಲು, ಆಮೇಲೆ ಸರ್ವರ್‌ಗೆ ಬಂದಿಲ್ಲ. ಅವನದ್ದು ತಪ್ಪು, ನಿಜ. ಆದ್ರೆ ಯಾರಿಗೂ ಕೇಳಲ್ಲ ಅಂತ ಅವಳಿಗೆ ಭರವಸೆ ಕೊಟ್ಟಿದ್ದು ನನ್ನ ಸರ್ವರ್.

ಎರಡನೇ ದಾರಿ ಅಂದ್ರೆ ಆ ಮಾತು ದೂರದವರ ಕಂಪ್ಯೂಟರ್‌ಗೆ ಹೋಗದೇ ಇರೋ ಹಾಗೆ ಮಾಡೋದು. ಇಲ್ಲಿ ಮಂಬಲ್ ಬರುತ್ತೆ. ಮಂಬಲ್ 2005ರಿಂದ ಇರೋ ಓಪನ್ ಸೋರ್ಸ್ ವಾಯ್ಸ್ ಸಾಫ್ಟ್‌ವೇರ್. ಗೇಮರ್‌ಗಳಿಗೋಸ್ಕರವೇ ಮಾಡಿದ್ದು, ದಿಕ್ಕಿನ ಪ್ರಕಾರ ದನಿ ಕೇಳಿಸೋ ಸೌಲಭ್ಯ ಅದರಲ್ಲಿ ಹಳೇದು. ಇದಕ್ಕಿಂತ ಮುಖ್ಯ ಅದರ ವಾಯ್ಸ್ ಟಾರ್ಗೆಟ್: ಮಾತಾಡೋನು "ಇದು ಇವರಿಗೆ ಮಾತ್ರ" ಅಂತ ಲಿಸ್ಟ್ ಕೊಡಬಹುದು, ಸರ್ವರ್ ಆ ಪ್ಯಾಕೆಟ್‌ಗಳನ್ನ ಅವರಿಗೆ ಮಾತ್ರ ಕಳಿಸುತ್ತೆ. ಫೈವ್‌ಎಂ ಒಳಗೆ ಮಂಬಲ್ ಸೇರಿಸಿಯೇ ಕೊಟ್ಟಿದಾರೆ. ಅದರ ಮೇಲೆ ಕೂರೋ ಸ್ಕ್ರಿಪ್ಟ್ ಪಿಎಂಎ-ವಾಯ್ಸ್. ಅದು ಸೆಕೆಂಡಿಗೆ ಹಲವು ಸಲ ಹತ್ತಿರ ಯಾರಿದಾರೆ ಅಂತ ನೋಡಿ ಆ ಲಿಸ್ಟ್ ಬದಲಾಯಿಸ್ತಾ ಇರುತ್ತೆ. ಬೀಚ್‌ನಲ್ಲಿ ಆಡಿದ ಮಾತಿನ ಪ್ಯಾಕೆಟ್ ಊರಿನ ಆ ತುದಿಗೆ ಹೋಗೋದೇ ಇಲ್ಲ, ಹಾಗಾಗಿ ಆಫ್ ಮಾಡಿ ಕೇಳಿಸ್ಕೊಳ್ಳೋಕೆ ಅಲ್ಲಿ ಏನೂ ಇಲ್ಲ.

ಪೂರ್ತಿ ಭದ್ರ ಅಂತ ಹೇಳಲ್ಲ. ಚೀಟ್ ಮೆನು ಹಾಕಿದವನು ಬೇರೆಯವರ ಚಾನೆಲ್‌ಗೆ ಕಿವಿ ಇಡೋಕೆ ನೋಡಬಹುದು. ಪಕ್ಕದಲ್ಲೇ ಅಡಗಿ ನಿಂತವನು ಸ್ಕ್ರೀನ್ ರೆಕಾರ್ಡ್ ಮಾಡಿದ್ರೆ ಯಾವ ಸಾಫ್ಟ್‌ವೇರೂ ತಡೆಯಲ್ಲ. ಅದಕ್ಕೇ ಈಗ ನಮ್ಮ ರೂಲ್ಸ್‌ನಲ್ಲಿ ಒಂದು ಸಾಲು ಸೇರಿಸಿದೀವಿ: ಪಾತ್ರದ ಹೊರಗಿನ ಸ್ವಂತ ಮಾತು ಆಟದೊಳಗೆ ಬೇಡ, ಡಿಸ್ಕಾರ್ಡ್‌ನಲ್ಲಿ ಇಬ್ಬರೇ ಕಾಲ್ ಮಾಡ್ಕೊಳ್ಳಿ. ಡಿಸ್ಕಾರ್ಡ್ 2024ರಲ್ಲಿ ಕಾಲ್‌ಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ತರೋಕೆ ಶುರು ಮಾಡಿದೆ. ಆರ್‌ಪಿಗೆ ಆಗದ ಸಾಫ್ಟ್‌ವೇರ್ ಇದಕ್ಕೆ ಸರಿಯಾಗಿದೆ.

ಇನ್ನು ಡೇಟಾ. ನಮ್ಮಲ್ಲಿ ಮುಕ್ಕಾಲು ಜನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡೋರು, ದಿನಕ್ಕೆ 1.5 ಜಿಬಿ. ಹಾಗಾಗಿ ಕೂತು ಲೆಕ್ಕ ಹಾಕಿದೆ. ಈಗಿನ ಡಿಸ್ಕಾರ್ಡ್, ಮಂಬಲ್, ಟೀಮ್‌ಸ್ಪೀಕ್ ಮೂರೂ ಬಳಸೋದು ಓಪಸ್ ಅನ್ನೋ ಕೋಡೆಕ್. 2012ರಲ್ಲಿ ಸ್ಟ್ಯಾಂಡರ್ಡ್ ಆಯ್ತು, 6 ರಿಂದ 510 ಕೆಬಿಪಿಎಸ್ ತನಕ ಹೇಗೆ ಬೇಕಾದ್ರೂ ಓಡುತ್ತೆ. 32 ಕೆಬಿಪಿಎಸ್ ಅಂತ ಇಟ್ಕೊಳ್ಳಿ. 20 ಮಿಲಿಸೆಕೆಂಡ್‌ಗೆ ಒಂದು ಪ್ಯಾಕೆಟ್ ಅಂದ್ರೆ ಸೆಕೆಂಡಿಗೆ 50 ಪ್ಯಾಕೆಟ್, ಪ್ರತಿಯೊಂದರಲ್ಲೂ 80 ಬೈಟ್ ದನಿ. ಅದರ ಮೇಲೆ ಐಪಿ, ಯುಡಿಪಿ ಹೆಡರ್ ಎಲ್ಲಾ ಸೇರಿ ಸುಮಾರು 40 ಬೈಟ್. ನೆಟ್‌ವರ್ಕ್ಸ್ ಪುಸ್ತಕದಲ್ಲಿ ಓವರ್‌ಹೆಡ್ ಅಂತ ಬರೆದು ಮುಂದೆ ಹೋಗ್ತೀವಲ್ಲ, ಇಲ್ಲಿ ಅದು ದನಿಯ ಅರ್ಧದಷ್ಟಿದೆ! ಒಟ್ಟು 48 ಕೆಬಿಪಿಎಸ್, ಒಬ್ಬ ಒಂದು ಗಂಟೆ ಬಾಯಿ ಮುಚ್ಚದೇ ಮಾತಾಡಿದ್ರೆ 21.6 ಎಂಬಿ. ನಾಲ್ಕು ಜನ ಒಟ್ಟಿಗೆ ಜಗಳ ಆಡಿದ್ರೆ ಕೇಳೋನಿಗೆ 86 ಎಂಬಿ. ಯಾರೂ ಗಂಟೆಗಟ್ಟಲೆ ಹಾಗೆ ಮಾತಾಡಲ್ಲ, ಹಾಗಾಗಿ ನಿಜವಾದ ಖರ್ಚು ಇದಕ್ಕಿಂತ ಕಮ್ಮಿ.

ಆದ್ರೆ ಪ್ಲಗಿನ್ ಮಾದರಿಯಲ್ಲಿ ಊರಿನಲ್ಲಿ ಯಾರೇ ಮಾತಾಡಿದ್ರೂ ಅದು ನಿಮ್ಮ ಡೇಟಾದಲ್ಲೇ ಬಂದು ಮ್ಯೂಟ್ ಆಗುತ್ತೆ. ಕೇಳದ ಮಾತಿಗೂ ದುಡ್ಡು ನಿಮ್ಮದೇ. ಮಂಬಲ್ ಮಾದರಿಯಲ್ಲಿ ಹತ್ತಿರದವರದ್ದು ಮಾತ್ರ ಬರುತ್ತೆ. ಕೆಲವರು "ಸರ್ವರ್ ಯಾಕೆ, ನೇರವಾಗಿ ಒಬ್ಬರಿಂದ ಒಬ್ಬರಿಗೆ ಕಳಿಸೋಣ" ಅಂತಾರೆ. ಹತ್ತು ಜನ ಒಂದು ಕಡೆ ನಿಂತ್ರೆ ನೀವು ಒಂಬತ್ತು ಕಾಪಿ ಅಪ್‌ಲೋಡ್ ಮಾಡ್ಬೇಕು, 432 ಕೆಬಿಪಿಎಸ್. ರಾತ್ರಿ ಹತ್ತರ ಹಾಟ್‌ಸ್ಪಾಟ್ ಅಪ್‌ಲೋಡ್ ನೋಡಿದವರು ಈ ಮಾತು ಆಡಲ್ಲ.

ಸರ್ವರ್ ಎಲ್ಲಿದೆ ಅನ್ನೋದು ಸಾಫ್ಟ್‌ವೇರ್‌ನಷ್ಟೇ ಮುಖ್ಯ. ನಾವು ಕಡಿಮೆ ಬೆಲೆ ಅಂತ ಮೊದಲು ಯುರೋಪಿನಲ್ಲಿ ತಗೊಂಡಿದ್ವಿ, ಪಿಂಗ್ 170ರ ಆಸುಪಾಸು. ಆಟಕ್ಕೆ ಹೇಗೋ ನಡೀತು. ಮಾತಿಗೆ ಏನಾಗುತ್ತೆ ನೋಡಿ: ನನ್ನ ಮಾತು ಸರ್ವರ್‌ಗೆ ಹೋಗೋಕೆ 85, ಅಲ್ಲಿಂದ ಪಕ್ಕದ ಮಂಚದಲ್ಲಿರೋ ರೂಮ್‌ಮೇಟ್‌ಗೆ ವಾಪಸ್ ಬರೋಕೆ 85. ಅದಕ್ಕೆ ಪ್ಯಾಕೆಟ್ ಕಟ್ಟೋ ಸಮಯ, ಬಫರ್ ಸಮಯ ಸೇರಿಸಿದ್ರೆ 200 ದಾಟುತ್ತೆ. ಟೆಲಿಫೋನ್ ಸ್ಟ್ಯಾಂಡರ್ಡ್ ಮಾಡೋ ಐಟಿಯು ಹೇಳೋ ಪ್ರಕಾರ ಬಾಯಿಂದ ಕಿವಿಗೆ 150 ಮಿಲಿಸೆಕೆಂಡ್ ಒಳಗಿದ್ರೆ ಒಳ್ಳೇದು. ಅದು ದಾಟಿದ್ರೆ ಇಬ್ಬರೂ ಒಟ್ಟಿಗೆ ಶುರು ಮಾಡ್ತಾರೆ, ಇಬ್ಬರೂ "ಹೇಳು ಹೇಳು" ಅಂತಾರೆ, ಮತ್ತೆ ಇಬ್ಬರೂ ಸುಮ್ಮನಾಗ್ತಾರೆ. ಜೋಕಿನ ಟೈಮಿಂಗ್ ಅಂತೂ ಸತ್ತೇ ಹೋಗುತ್ತೆ. ಮುಂಬೈ ಸರ್ವರ್‌ಗೆ ಬಂದ ಮೇಲೆ ಪಿಂಗ್ 40ರ ಹತ್ರ ಇಳೀತು. ಸ್ವಲ್ಪ ಕಾಸು ಜಾಸ್ತಿ, ಏಳು ಜನ ಹಂಚ್ಕೊಂಡ್ರೆ ಒಂದು ಪ್ಲೇಟ್ ಗೋಬಿ ಕಮ್ಮಿ ತಿಂದ ಹಾಗೆ.

ಮೈನ್‌ಕ್ರಾಫ್ಟ್‌ನಲ್ಲಿ ಆರ್‌ಪಿ ಮಾಡೋರಿಗೆ ಇಷ್ಟು ತಲೆಬಿಸಿ ಬೇಡ. ಸಿಂಪಲ್ ವಾಯ್ಸ್ ಚಾಟ್ ಅನ್ನೋ ಮಾಡ್ ಹಾಕಿ, 48 ಬ್ಲಾಕ್ ತನಕ ಕೇಳುತ್ತೆ. ಅದು 24454 ಅನ್ನೋ ಬೇರೆ ಯುಡಿಪಿ ಪೋರ್ಟ್ ಬಳಸುತ್ತೆ. ಆಟ ಬರ್ತಿದೆ, ವಾಯ್ಸ್ ಬರ್ತಿಲ್ಲ ಅಂದ್ರೆ ಹತ್ತಕ್ಕೆ ಒಂಬತ್ತು ಸಲ ಆ ಪೋರ್ಟ್ ತೆರೆದಿರಲ್ಲ.

ಪಿಎಂಎ-ವಾಯ್ಸ್ ಹಾಕೋರಿಗೆ ಕೆಲವು ಮಾತು. ಒನ್‌ಸಿಂಕ್ ಆನ್ ಇರಲೇಬೇಕು. ಆಡಿಯೋಗೆ ನೇಟಿವ್, 3ಡಿ, 2ಡಿ ಅಂತ ಮೂರು ಸೆಟ್ಟಿಂಗ್ ಇವೆ, ಒಂದನ್ನ ಮಾತ್ರ ಆನ್ ಮಾಡಿ. ನಾನು ಮೂರನ್ನೂ ಆನ್ ಮಾಡಿ ಒಂದು ಇಡೀ ಸಂಜೆ ಕಳೆದಿದೀನಿ. ಪೋರ್ಟ್ 30120ನ್ನ ಟಿಸಿಪಿ, ಯುಡಿಪಿ ಎರಡಕ್ಕೂ ತೆರೀರಿ. ಪಿಸುಮಾತಿಂದ ಕೂಗಿಗೆ ಬದಲಾಯಿಸೋಕೆ ಎಫ್11, ರೇಡಿಯೋಗೆ ಎಡಗಡೆ ಆಲ್ಟ್. ಹಳೇ ವಾಯ್ಸ್ ಸ್ಕ್ರಿಪ್ಟ್ ಫೋಲ್ಡರ್‌ನಲ್ಲಿ ಉಳಿದಿದ್ರೆ ತೆಗೆದುಬಿಡಿ, ಎರಡೂ ಕಿತ್ತಾಡ್ತವೆ.

ಕೊನೇದು ಹಾಸ್ಟೆಲ್‌ನವರಿಗೆ. ಒಂದೇ ರೂಮಲ್ಲಿ ಇಬ್ಬರು ಆಡ್ತಿದ್ರೆ ಪುಷ್ ಟು ಟಾಕ್ ಬಿಟ್ಟು ಬೇರೇನೂ ಇಡಬೇಡಿ. ವಾಯ್ಸ್ ಆಕ್ಟಿವೇಷನ್ ಇಟ್ಟರೆ ನಿಮ್ಮ ಮೈಕು ಪಕ್ಕದವನ ಮಾತನ್ನೂ ಹಿಡಿಯುತ್ತೆ, ಅವನ ಪಾತ್ರ ಊರಾಚೆ ಪಿಸುಗುಟ್ಟಿದ್ದು ನಿಮ್ಮ ಪಾತ್ರದ ಬಾಯಿಂದ ಪೊಲೀಸ್ ಸ್ಟೇಷನ್ ಮುಂದೆ ಹೊರಗೆ ಬರುತ್ತೆ. ನಮ್ಮ ಒಡವೆ ಅಂಗಡಿ ಕಳ್ಳರು ಎರಡನೇ ಸಲ ಸಿಕ್ಕಿಬಿದ್ದಿದ್ದು ಹೀಗೇ. ಫ್ಯಾನಿನ ಗಾಳಿ ನೇರವಾಗಿ ಮೈಕ್ ಮೇಲೆ ಬೀಳದ ಹಾಗೆ ಕೂತ್ಕೊಳ್ಳಿ, ಮೈಕನ್ನ ಬಾಯಿ ಮುಂದೆ ಅಲ್ಲ, ಸ್ವಲ್ಪ ಪಕ್ಕಕ್ಕೆ ಇಟ್ಕೊಳ್ಳಿ.